ಸೆಲ್ಲು ಸೋರಿ ಕಟ್ಟಿದ ಬಿಳಿಯ ಹಕ್ಕಳೆ: ತುಕ್ಕೇ, ಕಿಲುಬೇ, ಸವಳೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ಧಾರವಾಡದಿಂದ ನಮಸ್ಕಾರ.

ನಮ್ಮ ಮನೆಯ ಹಳೆಯ ಟ್ರಂಕೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬಿದ್ದಿದ್ದ, ಅಂಗೈಯಲ್ಲಿ ಹಿಡಿದು ವಿಡಿಯೊ ಆಟ ಆಡುವ ಗೇಮ್ ಬಾಯ್ ಯಂತ್ರವನ್ನು ಈ ಬೇಸಿಗೆಯಲ್ಲಿ ಬಿಚ್ಚಿ, ತೊಳೆದು, ಮತ್ತೆ ಆಡುವಂತೆ ಮಾಡಿದೆ. ಅದು 1989ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಹೊರತಂದ ಮೊದಲ ಮಾದರಿ. 4 ಪೆನ್ಸಿಲ್ ಸೆಲ್ಲುಗಳ ಮೇಲೆ ನಡೆಯುತ್ತದೆ. ಆಟ ಬಿಟ್ಟ ಮೇಲೆ ಆ ಸೆಲ್ಲುಗಳನ್ನು ತೆಗೆದಿಡಲು ನಾವು ಮರೆತದ್ದೇ ಎಲ್ಲ ಹಾನಿಗೂ ಮೂಲ. ಮಾಡಿದ ಕೆಲಸವನ್ನು ಹೈಸ್ಕೂಲು ಮಕ್ಕಳಿಗೆಂದು ಕನ್ನಡದಲ್ಲಿ ಬರೆದಿಡಲು ಕುಳಿತವನು ಎರಡನೆಯ ಪ್ಯಾರಾದಲ್ಲಿಯೇ ಸಿಕ್ಕಿಬಿದ್ದಿದ್ದೇನೆ. ಸೆಲ್ಲು ಸೋರಿದ ಜಾಗದಲ್ಲಿ ಕಟ್ಟಿಕೊಳ್ಳುವ ಬಿಳಿಯ ಹಕ್ಕಳೆಗೆ ಕನ್ನಡದಲ್ಲಿ ಏನನ್ನಬೇಕು?

ಹಿಂಬದಿಯ ಮುಚ್ಚಳ ತೆಗೆದಾಗ ಕಂಡದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಏಕೆಂದರೆ ಪದದ ಆಯ್ಕೆ ಆ ಬಣ್ಣಗಳ ಮೇಲೆಯೇ ನಿಂತಿದೆ. ಸೆಲ್ಲುಗಳ ತಳದಿಂದ ಹೊರಟ ಬಿಳಿಯ, ಮುಟ್ಟಿದರೆ ಪುಡಿಯುದುರುವ ಹಕ್ಕಳೆಯು ಸ್ಪ್ರಿಂಗಿನ ಸುರುಳಿಗಳ ನಡುವೆ ತುಂಬಿಕೊಂಡಿತ್ತು; ಲೇಪ ಕಿತ್ತುಹೋದ ಕಡೆ ಸ್ಪ್ರಿಂಗಿನ ಮೈ ಕೆಂಪಾಗಿತ್ತು; ಬೋರ್ಡಿಗೆ ಹೋಗುವ ತಂತಿಯ ತುದಿಯಲ್ಲಿ, ತಾಮ್ರ ಬಯಲಾಗಿದ್ದ ಅಕ್ಕಿಕಾಳಿನಷ್ಟು ಜಾಗ ಮಾತ್ರ ಹಸಿರಾಗಿತ್ತು. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಬಳಿ ರೇಡಿಯೊ, ಟಿವಿ ದುರಸ್ತಿ ಮಾಡುವ ಹಿರಿಯರೊಬ್ಬರಿಗೆ ತೋರಿಸಿದರೆ ಅವರು ಮೂರನ್ನೂ ಒಂದೇ ಮಾತಿನಲ್ಲಿ ಮುಗಿಸಿದರು: “ಸೆಲ್ಲ ನೀರ ಬಿಟ್ಟಾವ್ರಿ, ಜಂಗ ತಿಂದೈತಿ.” ಪಾರಸಿಯಿಂದ ಉರ್ದು, ಹಿಂದಿಗಳ ದಾರಿ ಹಿಡಿದು ನಮ್ಮ ಕಡೆಗೆ ಬಂದಿರುವ ಈ ‘ಜಂಗು’ ಅಂಗಡಿಯ ಮಾತಿಗೆ ಸಾಕು. ಬರವಣಿಗೆಗೆ ಸಾಲದು, ಏಕೆಂದರೆ ಆ ಮೂರು ಬಣ್ಣಗಳು ಮೂರು ಬೇರೆ ಬೇರೆ ವಸ್ತುಗಳು.

ಕೆಂಪಿನ ವಿಷಯದಲ್ಲಿ ತಕರಾರಿಲ್ಲ: ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ಹಸಿರಿಗೆ ‘ಕಿಲುಬು’ ಎಂಬ ಅಚ್ಚುಕಟ್ಟಾದ ಪದ ನಮ್ಮಲ್ಲಿಯೇ ಇದ್ದೂ ಅದನ್ನು ಬಿಟ್ಟುಕೊಡುತ್ತಿದ್ದೇವೆ ಎಂಬುದು ನನ್ನ ಅಸಮಾಧಾನ. ಕಲಾಯಿ ಹೋದ ಹಿತ್ತಾಳೆಯ ಪಾತ್ರೆಯಲ್ಲಿ ಮಜ್ಜಿಗೆ ಇಟ್ಟರೆ ಅವ್ವ ಬೈಯುತ್ತಿದ್ದುದು ಕಿಲುಬಿನ ಭಯಕ್ಕೆ. ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದುದೂ ಅದನ್ನೇ. ತಮಿಳಿನ ‘ಕಳಿಂಬು’, ತೆಲುಗಿನ ‘ಚಿಲುಮು’ ಇದರ ಬಳಗದವೆಂದೇ ತೋರುತ್ತದೆ. ಪಾತ್ರೆಗೆ ಬಂದರೆ ಕಿಲುಬು, ಬೋರ್ಡಿಗೆ ಬಂದರೆ ‘ಕರೋಷನ್’ ಎನ್ನುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ.

ತೊಡಕಿರುವುದು ಬಿಳಿಯದರಲ್ಲಿ. ತುಕ್ಕು, ಕಿಲುಬುಗಳೆರಡೂ ಲೋಹ ತಾನೇ ಕೆಟ್ಟು ಹುಟ್ಟುವಂಥವು. ಇದಾದರೋ ಹೊರಗಿನಿಂದ ಬಂದು ಲೋಹದ ಮೇಲೆ ಕೂತದ್ದು. ಆಲ್ಕಲೈನ್ ಸೆಲ್ಲಿನ ಒಳಗಿರುವ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣ ಜಿನುಗಿ ಹೊರಬಂದು, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನೊಡನೆ ಕೂಡಿ, ಪೊಟ್ಯಾಸಿಯಂ ಕಾರ್ಬೊನೇಟ್ ಆಗಿ ಬೆಳ್ಳಗೆ ಗಟ್ಟಿಯಾಗುತ್ತದೆ. ಜನ ಇದನ್ನು ‘ಸೆಲ್ಲಿನ ಆಸಿಡ್ಡು’ ಎನ್ನುತ್ತಾರೆ. ಮೋಟಾರು ಗಾಡಿಯ ಬ್ಯಾಟರಿಗೂ, ಸತುವಿನ ಡಬ್ಬಿಯ ಹಳೆಯ ಅಗ್ಗದ ಸೆಲ್ಲುಗಳಿಗೂ ಆ ಮಾತು ಸಲ್ಲುತ್ತದೆ. ಇಲ್ಲಿ ಅದು ಪೂರಾ ತಲೆಕೆಳಗು. ಪದ ತಪ್ಪಿದರೆ ಕೆಲಸವೂ ತಪ್ಪುತ್ತದೆ: ಆಸಿಡ್ಡೆಂದು ನಂಬಿದ ಹುಡುಗ ಅದರ ಮೇಲೆ ಅಡುಗೆ ಸೋಡಾ ಸುರಿದು ಏನೂ ಆಗದೆ ಕೂರುತ್ತಾನೆ. ನಾನು ಕಿವಿಗೆ ಇಡುವ ಹತ್ತಿಯ ಕಡ್ಡಿಯನ್ನು ಲಿಂಬೆರಸದಲ್ಲಿ ಅದ್ದಿ ಹಕ್ಕಳೆಗೆ ತಾಗಿಸಿದಾಗ ಸಣ್ಣಗೆ ಸುಯ್ಯೆಂದು ನೊರೆ ಎದ್ದಿತು, ನೊರೆ ಅಡಗಿದಲ್ಲಿ ಸ್ಪ್ರಿಂಗಿನ ಒಂದು ಸುತ್ತು ಬರಿದಾಗಿ ಕಂಡಿತು. ಹುಳಿ ತಾಗಿದೊಡನೆ ಹೀಗೆ ನೊರೆಯೆದ್ದು ಕರಗುವ ವಸ್ತುವನ್ನು ಆಮ್ಲವೆನ್ನಲಾಗದು.

ಪಠ್ಯಪುಸ್ತಕದ ‘ಕ್ಷಾರ’ ಸರಿಯಾದ ಪದವೇ, ಆದರೆ ಅದು ದ್ರಾವಣದ ಗುಣವನ್ನು ಹೇಳುತ್ತದೆಯೇ ಹೊರತು ಕಣ್ಣಿಗೆ ಕಾಣುವ ಹಕ್ಕಳೆಯನ್ನಲ್ಲ. ಅದರ ತದ್ಭವ ‘ಖಾರ’ ನಮ್ಮ ಅಡುಗೆಮನೆಯಲ್ಲಿ ಎರಡು ಅರ್ಥದಲ್ಲಿ ಬದುಕಿದೆ: ಮೆಣಸಿನ ಪುಡಿ ಒಂದು, ಹಪ್ಪಳಕ್ಕೆ ಹಾಕುವ ಪಾಪಡಖಾರದಲ್ಲಿ ಉಳಿದಿರುವ ಹಳೆಯ ಅರ್ಥ ಇನ್ನೊಂದು. ಬಿಳಿಗಾರ, ಸಜ್ಜಿಕಾರಗಳಲ್ಲಿಯೂ ಅದೇ ಇದೆ. ಆಯುರ್ವೇದದವರು ಯವಕ್ಷಾರ ಎನ್ನುವುದರಲ್ಲಿ ಹೆಚ್ಚಿನ ಪಾಲು ಈ ಪೊಟ್ಯಾಸಿಯಂ ಕಾರ್ಬೊನೇಟೇ. ಇಷ್ಟೆಲ್ಲ ಆಧಾರವಿದ್ದರೂ “ಸ್ಪ್ರಿಂಗಿಗೆ ಖಾರ ಹತ್ತಿದೆ” ಎಂದು ಬರೆದರೆ ನಮ್ಮ ಮಕ್ಕಳು ನಗದೆ ಬಿಡುವುದಿಲ್ಲ.

ಆದ್ದರಿಂದ ನನ್ನ ಒಲವು ‘ಸವಳು’ ಎಂಬುದರ ಕಡೆಗೆ. ನವಲಗುಂದ, ನರಗುಂದಗಳ ಕಡೆ ಕಾಲುವೆಯ ನೀರು ಇಂಗದೆ ನಿಂತ ಎರಿಹೊಲದಲ್ಲಿ ಬಿಸಿಲಿಗೆ ತೇವ ಆರಿದ ಮೇಲೆ ಹೆಂಟೆಗಳ ಮೇಲೆ ಬಿಳುಪು ಮೂಡುತ್ತದೆಯಲ್ಲ, ಆ ಹೊಲವನ್ನು ರೈತರು ಸವಳಾಯಿತು ಎನ್ನುತ್ತಾರೆ. ಸರಕಾರದ ಕಾಗದಗಳಲ್ಲಿಯೂ ‘ಸವಳು-ಜವಳು’ ಎಂಬ ಜೋಡಿ ಬಳಕೆಯಲ್ಲಿದೆ. ಒಳಗಿನ ಲವಣ ತೇವದ ಜೊತೆಗೆ ಮೇಲೆ ಬಂದು, ತೇವ ಹೋಗಿ, ತಾನು ಬೆಳ್ಳಗೆ ಉಳಿಯುವ ಈ ಬಗೆ ಸೆಲ್ಲಿನ ಬುಡದಲ್ಲಿ ನಡೆದದ್ದಕ್ಕೆ ತುಂಬ ಹತ್ತಿರ. ಎರಡು ಕಡೆಯ ಲವಣ ಒಂದೇ ಅಲ್ಲವೆಂಬ ಆಕ್ಷೇಪ ಬರಬಹುದು. ಆದರೆ ರೈತನು ಸವಳೆನ್ನುವಾಗ ಯಾವ ಲವಣವೆಂದು ವಿಂಗಡಿಸಿ ಹೇಳುವುದಿಲ್ಲ. ಅವನು ಹೆಸರಿಟ್ಟಿರುವುದು ಆ ಬಿಳುಪಿಗೆ ಮತ್ತು ಅದು ಮಾಡುವ ಕೇಡಿಗೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ಮಾತು. ನಮ್ಮ ಹಳ್ಳಿಗಳಲ್ಲಿ ‘ಬ್ಯಾಟರಿ’ ಎಂದರೆ ಕೈದೀಪ, ಅದರೊಳಗೆ ಹಾಕುವುದು ‘ಸೆಲ್ಲು’. “ಬ್ಯಾಟರಿ ಸೋರಿತು” ಎಂದರೆ ಹಿರಿಯರಿಗೆ ಅರ್ಥವೇ ಆಗದು. ಹಾಗಾಗಿ ಸೆಲ್ಲು ಎಂದೇ ಬರೆದಿದ್ದೇನೆ. ‘ಸೋರಿತು’ ಎನ್ನುವುದಕ್ಕಿಂತ ಆ ದುರಸ್ತಿಯವರ ‘ನೀರು ಬಿಟ್ಟಿತು’ ನನಗೆ ಹೆಚ್ಚು ಹಿಡಿಸಿದೆ, ಏಕೆಂದರೆ ತೂತು ಬಿದ್ದ ಕೊಡ ಸೋರುತ್ತದೆ, ಉಪ್ಪು ಹಾಕಿದ ಸೌತೆಕಾಯಿ ನೀರು ಬಿಡುತ್ತದೆ, ಮತ್ತು ಸೆಲ್ಲಿನ ನಡತೆ ಎರಡನೆಯದರಂತೆ.

ಪರದೆಯಲ್ಲಿ ಕೆಲವು ನಿಲುಗೆರೆಗಳು ಮಾಯವಾಗಿದ್ದವು. ಗಾಜಿಗೆ ಅಂಟಿದ ತೆಳುಪಟ್ಟಿಯ ಹಿಡಿತ ಸಡಿಲವಾದಾಗ ಹಾಗಾಗುತ್ತದೆ. ಪಟ್ಟಿಯ ಅಂಚಿನ ಉದ್ದಕ್ಕೂ ಬೆಸುಗೆಯವರ ಕಾದ ಕಾವಿಯನ್ನು (ಸೋಲ್ಡರಿಂಗ್ ಐರನ್) ಹಗುರವಾಗಿ ಎಳೆದಾಗ ಗೆರೆಗಳು ಮರಳಿದವು. ಸೀಸವನ್ನಾಗಲಿ ತವರವನ್ನಾಗಲಿ ಬಳಸದ ಈ ಕೆಲಸವನ್ನು ‘ಬೆಸುಗೆ’ ಎನ್ನಬಾರದೆಂದು ‘ಕಾವು ಕೊಟ್ಟೆ’ ಎಂದು ಬರೆದಿದ್ದೇನೆ.

ತಲೆಬರಹದ ಬಗ್ಗೆಯೂ ಒಂದು ಸಣ್ಣ ಪ್ರಶ್ನೆ. ‘ರಿಪೇರಿ’, ‘ದುರಸ್ತಿ’ ಎಂದರೆ ನಡೆಯುವಂತೆ ಮಾಡಿದ್ದಷ್ಟೇ ಹೊಳೆಯುತ್ತದೆ. ನಾನು ಹಳದಿಯಾದ ಕವಚವನ್ನೂ ಬಿಟ್ಟಿಲ್ಲ, ಹೈಡ್ರೋಜನ್ ಪೆರಾಕ್ಸೈಡು ಸವರಿ ಬಿಸಿಲಿಗಿಟ್ಟು ಮೊದಲಿನ ಬೂದುಬಣ್ಣದ ಹತ್ತಿರಕ್ಕೆ ತಂದಿದ್ದೇನೆ. ನಮ್ಮ ಶಾಸನಗಳಲ್ಲಿ ಗುಡಿಗೆ ದತ್ತಿ ಬಿಡುವಾಗ ಬರುವ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಒಡೆದದ್ದನ್ನು, ಬಿರಿದದ್ದನ್ನು, ಸವೆದದ್ದನ್ನು ಬೇರೆ ಬೇರೆಯಾಗಿ ಹೆಸರಿಸುತ್ತದೆ. ಅರ್ಥ ನೆಟ್ಟಗೆ ಕೂಡುತ್ತದೆ, ಆದರೆ ಆಟದ ಯಂತ್ರವೊಂದಕ್ಕೆ ಜೀರ್ಣೋದ್ಧಾರವೆಂದರೆ ಅತಿಯಾಯಿತೇನೋ ಎಂಬ ಅಳುಕಿನಿಂದ ಸದ್ಯಕ್ಕೆ ದುರಸ್ತಿ ಎಂದೇ ಇಟ್ಟಿದ್ದೇನೆ.

ಮತ್ತೆ ಸವಳಿಗೆ ಬರುತ್ತೇನೆ. ಗದಗ, ಹಾವೇರಿ ಕಡೆಯವರು ಅದನ್ನು ನೆಲಕ್ಕೆ, ನೀರಿಗೆ ಅಲ್ಲದೆ ತೇವ ಹೀರಿ ಬೆಳ್ಳಗಾದ ಗೋಡೆಗೋ ಕೊಳಾಯಿಯ ಬಾಯಿಗೋ ಹೇಳುವುದುಂಟೇ, ಮತ್ತು ಹೇಳುವಾಗ ಬಳಸುವ ಕ್ರಿಯಾಪದ ‘ಹಿಡಿ’ಯೋ, ‘ಹತ್ತು’ವೋ, ‘ಏರು’ವೋ?