ಅತ್ತೆ, ಆ ಡಬ್ಬಿ ಮಾವನಿಗೆ ಕೊಡುವ ಮುಂಚೆ ಇದನ್ನು ಕೇಳಿ

ಅತ್ತೆ, ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಬೈಕೋಬೇಡಿ.

ಬೆಳಗ್ಗೆ ಗ್ರೂಪಿಗೆ ನೀವು ಹಾಕಿದ ಫೋಟೋ ನೋಡಿದೆ. ಪಕ್ಕದ ಮನೆಯವರು ತಂದುಕೊಟ್ಟ ಆಂಟಿಆಕ್ಸಿಡೆಂಟ್ ಮಾತ್ರೆ, ಅಂದರೆ ಜೀವಕೋಶ ಕೆಡದಂತೆ ತಡೆಯುತ್ತದೆ ಅಂತ ಮಾರುವ ಮಾತ್ರೆ. ಡಬ್ಬಿಗೆ 2,400 ರೂಪಾಯಿ. ಶ್ವಾಸಕೋಶ ಕ್ಲೀನ್ ಮಾಡುತ್ತದೆ, ಕ್ಯಾನ್ಸರ್ ಹತ್ತಿರ ಸುಳಿಯುವುದಿಲ್ಲ ಅಂತ ಹೇಳಿದರಂತೆ. ಮಾವ ಸಿಗರೇಟು ಬಿಡುವುದಿಲ್ಲ, ಇದನ್ನಾದರೂ ಕೊಡಲಾ ಅಂತ ಕೇಳಿದ್ದೀರಿ.

ಕೊಡಬೇಡಿ ಅತ್ತೆ. ಬೇರೆ ಯಾರಿಗಾದರೂ ಆಗಿದ್ದರೆ ದುಡ್ಡು ದಂಡ ಅಂತ ಹೇಳಿ ಸುಮ್ನಾಗುತ್ತಿದ್ದೆ. ಫೋಟೋ ದೊಡ್ಡದು ಮಾಡಿ ನೋಡಿದರೆ ಹಿಂದಿನ ಲೇಬಲ್ಲಿನಲ್ಲಿ ಮೊದಲ ಹೆಸರೇ ಬೀಟಾ ಕ್ಯಾರೋಟಿನ್, 20 ಮಿಲಿಗ್ರಾಂ. ಕ್ಯಾರೆಟ್ಟಿಗೆ ಬಣ್ಣ ಕೊಡುವ ಅಂಶ ಅದು. ಸಿಗರೇಟು ಸೇದುವವರಿಗೆ ಕೊಡಲೇಬಾರದ ಮಾತ್ರೆ ಅದು.

ಇದು ನನ್ನ ತಲೆಯಿಂದ ಬಂದ ಮಾತಲ್ಲ. ಫಿನ್ಲೆಂಡಿನಲ್ಲಿ 29,133 ಗಂಡಸರ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದರು. ಎಲ್ಲರೂ ಸಿಗರೇಟು ಸೇದುವವರೇ, ಐವತ್ತು ದಾಟಿದವರು. ಕೆಲವರಿಗೆ ದಿನಾ ಇದೇ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಔಷಧಿಯೇ ಇಲ್ಲದ ಮಾತ್ರೆ. ಐದರಿಂದ ಎಂಟು ವರ್ಷ ನಡೆಯಿತು. ತರಕಾರಿ, ಹಣ್ಣು ಜಾಸ್ತಿ ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಅಂತ ಮೊದಲೇ ಗೊತ್ತಿತ್ತಲ್ಲ, ಅದರಲ್ಲಿರುವ ಬೀಟಾ ಕ್ಯಾರೋಟಿನ್ನನ್ನೇ ಮಾತ್ರೆ ಮಾಡಿ ಕೊಟ್ಟರೆ ಒಳ್ಳೆಯದೇ ಆಗಬೇಕು ಅಂತ ಅವರ ಲೆಕ್ಕ. 1994ರಲ್ಲಿ ಫಲಿತಾಂಶ ಬಂದಾಗ ಆಗಿದ್ದು ಉಲ್ಟಾ. ಬೀಟಾ ಕ್ಯಾರೋಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 18ರಷ್ಟು ಜಾಸ್ತಿ!

ಅಮೆರಿಕದಲ್ಲೂ ಅಂಥದೇ ಇನ್ನೊಂದು ನಡೆಯುತ್ತಿತ್ತು. ಸಿಗರೇಟು ಸೇದುವವರು, ಸೇದಿ ಬಿಟ್ಟವರು, ಆಸ್ಬೆಸ್ಟಾಸ್ ಕೆಲಸ ಮಾಡಿದವರು, ಹದಿನೆಂಟು ಸಾವಿರಕ್ಕೂ ಜಾಸ್ತಿ ಜನ. ಬೀಟಾ ಕ್ಯಾರೋಟಿನ್ ಜೊತೆ ವಿಟಮಿನ್ ಎ ಕೊಡುತ್ತಿದ್ದರು. ಅಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡಾ 28 ಜಾಸ್ತಿ ಕಂಡಿತು. ಇನ್ನೂ 21 ತಿಂಗಳು ಬಾಕಿ ಇದ್ದರೂ 1996ರ ಜನವರಿಯಲ್ಲಿ ಮಾತ್ರೆ ನಿಲ್ಲಿಸಿಬಿಟ್ಟರು.

ಹೀಗ್ಯಾಕೆ ಅಂದರೆ... ಒಂದ್ನಿಮಿಷ, ಕುಕ್ಕರ್ ಕೂಗುತ್ತಿದೆ. ಹಾಂ. ಸೇಬು ಹೆಚ್ಚಿಟ್ಟರೆ ಗಾಳಿಗೆ ಕಂದು ಆಗುತ್ತದೆ, ನಿಂಬೆರಸ ಸವರಿದರೆ ಆಗಲ್ಲ, ಅಲ್ವಾ? ನಿಂಬೆಯ ವಿಟಮಿನ್ ಸಿ ತಡೆಯುತ್ತದೆ. ಈ ಮಾತ್ರೆ ಮಾರುವವರು ತೋರಿಸುವುದೂ ಇದನ್ನೇ. ಆದರೆ ನಮ್ಮ ದೇಹ ಹೆಚ್ಚಿಟ್ಟ ಸೇಬಲ್ಲ. ಫ್ರೀ ರ‍್ಯಾಡಿಕಲ್ ಅಂತ ಅವರು ಹೆದರಿಸುತ್ತಾರಲ್ಲ, ಜೀವಕೋಶ ಕೆಡಿಸಬಲ್ಲ ಚುರುಕಾದ ಕಣ, ಬಿಳಿ ರಕ್ತಕಣ ರೋಗಾಣುವನ್ನು ಸಾಯಿಸಲು ಅದನ್ನೇ ಬಳಸುತ್ತದೆ. ಜಾಸ್ತಿ ಆದದ್ದನ್ನು ತಣಿಸಲು ದೇಹ ತಾನೇ ಗ್ಲುಟಾಥಯೋನ್ ಥರದ ಆಂಟಿಆಕ್ಸಿಡೆಂಟ್ ತಯಾರಿಸಿಕೊಳ್ಳುತ್ತದೆ. ಇನ್ನು ಹೊಗೆ ತುಂಬಿದ ಶ್ವಾಸಕೋಶದಲ್ಲಿ ಬೀಟಾ ಕ್ಯಾರೋಟಿನ್ನೇ ಒಡೆದು ಬೇರೆ ರೂಪ ತಾಳಿ ಕೆಡುಕು ಮಾಡುತ್ತದೆ ಅನ್ನುವುದು ವಿಜ್ಞಾನಿಗಳ ಅಂದಾಜು.

ಡಬ್ಬಿ ಮೇಲೆ "ಕ್ಯಾರೆಟ್ಟಿನ ನಲವತ್ತು ಪಟ್ಟು ಶಕ್ತಿ" ಅಂತಲೂ ಬರೆದಿದೆ. ಆಂಟಿಆಕ್ಸಿಡೆಂಟ್ ಶಕ್ತಿಯ ಅಂಥ ಅಂಕಿ ಹೆಚ್ಚಾಗಿ ಪ್ರಯೋಗಾಲಯದ ಕೊಳವೆಯಲ್ಲಿ ಅಳೆದದ್ದು, ದೇಹದೊಳಗಲ್ಲ. ಅಮೆರಿಕದ ಕೃಷಿ ಇಲಾಖೆ ಆಹಾರಗಳಿಗೆ ಇಂಥ ಅಂಕಿ ಕೊಟ್ಟು ಒಂದು ದೊಡ್ಡ ಪಟ್ಟಿಯನ್ನೇ ಇಟ್ಟಿತ್ತು. ಆ ಅಂಕಿಗೂ ಮನುಷ್ಯರ ಆರೋಗ್ಯಕ್ಕೂ ಸಂಬಂಧ ಹೇಳಲಾಗದು ಅಂತ 2012ರಲ್ಲಿ ಅವರೇ ತೆಗೆದುಹಾಕಿದರು. ಮಾರುವವರು ಮಾತ್ರ ಬಿಟ್ಟಿಲ್ಲ.

ಹಾಗಂತ ಮಾವನಿಗೆ ಕ್ಯಾರೆಟ್ ನಿಲ್ಲಿಸಬೇಡಿ ಮತ್ತೆ! ನೀವು ಮಾಡುವ ಕೋಸಂಬರಿಯಲ್ಲಿ ತೆಂಗಿನಕಾಯಿ, ಒಗ್ಗರಣೆ ಎಣ್ಣೆ ಇರುತ್ತಲ್ಲ, ಜಿಡ್ಡು ಇದ್ದರೇ ಕ್ಯಾರೋಟಿನ್ ಮೈಗೆ ಹತ್ತುವುದು. ತರಕಾರಿಯಿಂದ ಅದು ನಿಧಾನಕ್ಕೆ, ಸ್ವಲ್ಪ ಸ್ವಲ್ಪವೇ ಸೇರುತ್ತದೆ, ಜೊತೆಗೆ ನಾರು ಮತ್ತು ನೂರೆಂಟು ಬೇರೆ ಅಂಶ. ಟೊಮೆಟೊದ ಕೆಂಪು ಅಂಶ ಎಣ್ಣೆಯಲ್ಲಿ ಬೇಯಿಸಿದರೆ ಇನ್ನೂ ಚೆನ್ನಾಗಿ ಸಿಗುತ್ತದೆ, ಹಸಿಯಾಗೇ ತಿನ್ನಬೇಕು ಅಂತೇನಿಲ್ಲ. ವಿಟಮಿನ್ ಸಿ ಕಥೆ ಬೇರೆ. ಅದು ಬೇಯಿಸಿದರೆ ಹೋಗುತ್ತದೆ, ನೀರಿಗೂ ಇಳಿಯುತ್ತದೆ. ನಮ್ಮಜ್ಜಿ ಸೊಪ್ಪು ಬಸಿದ ಕಟ್ಟನ್ನು ಚೆಲ್ಲದೆ ಬಸ್ಸಾರು ಮಾಡುತ್ತಿದ್ದರಲ್ಲ, ನೀರಿಗೆ ಇಳಿದದ್ದರಲ್ಲಿ ಅಷ್ಟಾದರೂ ಹೊಟ್ಟೆಗೇ ಸೇರುತ್ತಿತ್ತು. ಅಜ್ಜಿ ಅದನ್ನು ರುಚಿಗೆ ಮಾಡುತ್ತಿದ್ದರು, ಆ ಮಾತು ಬೇರೆ.

ಇನ್ನೊಂದು ಮರೆತೆ. ಇದನ್ನು ಕೇಳಿ ದೊಡ್ಡಮ್ಮ ತಮ್ಮ ಕಣ್ಣಿನ ಮಾತ್ರೆ ನಿಲ್ಲಿಸಿಬಿಟ್ಟಾರು. ಬೇಡ ದೊಡ್ಡಮ್ಮಾ, ಅದು ಮ್ಯಾಕ್ಯುಲಾ, ಅಂದರೆ ಕಣ್ಣಿನ ಒಳಪರದೆಯ ನಡುಭಾಗದ ತೊಂದರೆಗೆ ಡಾಕ್ಟರು ಪರೀಕ್ಷೆ ಮಾಡಿ ಬರೆದದ್ದು, ಅದಕ್ಕೆ ಉಪಯೋಗ ಇರುವುದು ಸಾಬೀತಾಗಿದೆ. ಅದರಲ್ಲೂ ಮೊದಲು ಬೀಟಾ ಕ್ಯಾರೋಟಿನ್ ಇತ್ತು, ಸಿಗರೇಟಿನವರಿಗೆ ಆಗಲ್ಲ ಅಂತ ಆಮೇಲೆ ಅದರ ಬದಲು ಸೊಪ್ಪಿನಲ್ಲಿರುವ ಲೂಟಿನ್ ಅನ್ನುವ ಅಂಶ ಹಾಕಿದರು.

ಅತ್ತೆ, ಡಬ್ಬಿಯ ಸೀಲ್ ಒಡೆದಿಲ್ಲ ತಾನೇ? ಒಡೆದಿಲ್ಲ ಅಂದರೆ ಇವತ್ತೇ ವಾಪಸ್ ಕೊಟ್ಟುಬಿಡಿ. ಕೊಡಲು ಸಂಕೋಚ ಆದರೆ ನನ್ನ ಹೆಸರು ಹೇಳಿ. ಮಾವನಿಗೆ ಫೋನ್ ಕೊಡಬೇಡಿ ಈಗ, ಸಿಗರೇಟಿನ ವಿಷಯ ನಾನು ಭಾನುವಾರ ಮನೆಗೇ ಬಂದು ಮಾತಾಡುತ್ತೇನೆ. ಬಸ್ಸಾರು ಮಾಡಿಟ್ಟಿರಿ.