ಅಪ್‌ಡೇಟ್: ಎಂ.ಎ. ಸಂಗೀತದ 2 ವರ್ಷದ ಪ್ಲಾನ್ ಆಯ್ತು

ಹಿಂದುಸ್ತಾನಿ ಗಾಯನದ 4 ಸೆಮಿಸ್ಟರ್‌ನಲ್ಲಿ ಯಾವಾಗ ಏನು ಕಲಿಯಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟ ಅಣ್ಣ, ಅಕ್ಕಂದಿರಿಗೆಲ್ಲ ತುಂಬಾ ಥ್ಯಾಂಕ್ಸ್.

ಥಿಯರಿ ಕೊನೆಗೆ ಇಟ್ಟುಕೊಳ್ಳಬೇಡ ಅಂದಿದ್ರಲ್ಲ, ಅದನ್ನೇ ಹಿಡಿದಿದ್ದೇನೆ. ಸಂಗೀತ ಶಾಸ್ತ್ರಜ್ಞ ಭಾತಖಂಡೆಯವರ 10 ಥಾಟ್ (ರಾಗಗಳನ್ನು ವಿಂಗಡಿಸೋ ಸ್ವರಗುಂಪುಗಳು), ಸ್ವರಲಿಪಿ (ಸ್ವರ ಬರೆಯೋ ಪದ್ಧತಿ) ಮೊದಲ ಸೆಮಿಸ್ಟರ್‌ನಲ್ಲೇ ಮುಗಿಸುತ್ತೇನೆ. ರಾಗಗಳನ್ನು ಮಾತ್ರ ಜೋಡಿಯಾಗಿ ಕಲಿಯೋದು. ಮಾರವಾ, ಪೂರಿಯಾ ಎರಡಕ್ಕೂ ಸ್ವರ ಅವೇ, ಆದರೆ ಮಾರವಾದಲ್ಲಿ ರಿಷಭ (ರಿ), ಧೈವತಕ್ಕೆ (ಧ) ಜಾಸ್ತಿ ಒತ್ತು, ಪೂರಿಯಾದಲ್ಲಿ ಗಾಂಧಾರ (ಗ), ನಿಷಾದಕ್ಕೆ (ನಿ), ಇದು ಸುಮ್ನೆ ಓದಿದರೆ ತಲೆಗೆ ಹೋಗಲ್ಲ, ಒಂದರ ಹಿಂದೆ ಒಂದು ಹಾಡಿದಾಗಲೇ ಕಿವಿಗೆ ಗೊತ್ತಾಗೋದು ಅಲ್ವಾ. ವಿಲಂಬಿತ (ನಿಧಾನ ಗತಿಯ) ಏಕತಾಲದ 12 ಮಾತ್ರೆಗೆ (ತಾಳದ ಎಣಿಕೆ) ತಬಲಾ ಸಾಥ್ ಬೇಕೇ ಬೇಕು. ಅದಕ್ಕೆ ಭಾನುವಾರ ಕೊಪ್ಪಳದಿಂದ ರೈಲು ಹತ್ತಿ ಗದಗಿಗೆ ಹೋಗುತ್ತೇನೆ. ಗವಿಮಠದ ಜಾತ್ರೆ ಜನವರಿಯಲ್ಲಿ ಬರುತ್ತೆ, ಆ ವಾರ ಬೆಳಗಿನ ರಿಯಾಜ್ (ಹಾಡುವ ಅಭ್ಯಾಸ) ಬಿಟ್ಟು ಬೇರೆ ಏನೂ ಇಟ್ಟಿಲ್ಲ.