ಅಪರಾಧಶಾಸ್ತ್ರ ಪದವಿ: ಸಾಲಕ್ಕೆ ತಕ್ಕ ಸಂಬಳ ಬಂದೀತೇ?

ಪ್ರಶ್ನೆ (ತೀರ್ಥಹಳ್ಳಿಯ ಅಡಿಕೆ ಬೆಳೆಗಾರ):
ಪಿಯುಸಿ ಮುಗಿಸಿದ ಮಗಳು ಪೊಲೀಸ್ ಅಧಿಕಾರಿಯಾಗುವ ಆಸೆಯಿಂದ ಖಾಸಗಿ ಕಾಲೇಜಿನಲ್ಲಿ ಅಪರಾಧಶಾಸ್ತ್ರವನ್ನೇ ಓದಬೇಕೆನ್ನುತ್ತಿದ್ದಾಳೆ. ತೋಟಕ್ಕೆ ಎಲೆಚುಕ್ಕಿ ರೋಗ ತಗುಲಿರುವ ಈ ಹೊತ್ತಿನಲ್ಲಿ, ಅದಕ್ಕೆ ಬೇಕಾಗುವ 4 ಲಕ್ಷ ರೂಪಾಯಿ ಸಾಲವನ್ನು ಮುಂದೆ ಅವಳ ಸಂಬಳವೇ ತೀರಿಸೀತೇ?

ಉತ್ತರ 1 (ಶಿವಮೊಗ್ಗದ ನಿವೃತ್ತ ಬ್ಯಾಂಕ್ ಉದ್ಯೋಗಿ):
ಶೇ 10ರ ಬಡ್ಡಿಯಂತೆ 10 ವರ್ಷಕ್ಕೆ ಹಂಚಿದರೆ ತಿಂಗಳ ಕಂತು ಸುಮಾರು 5,290 ರೂಪಾಯಿಯಾಗಿ, ಕೊನೆಗೆ ಕಟ್ಟುವ ಮೊತ್ತ 6.34 ಲಕ್ಷವನ್ನು ಮುಟ್ಟುತ್ತದೆ. ಓದುವ ಅವಧಿಯಲ್ಲಿ ಕಂತಿಗೆ ವಿನಾಯಿತಿ ಸಿಕ್ಕರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಅದನ್ನು ಆಗಲೇ ಕಟ್ಟುತ್ತ ಬಂದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ.

ಉತ್ತರ 2 (ಸಾಗರ):
ನನ್ನ ಅಭಿಪ್ರಾಯದಲ್ಲಿ ಮುಖ್ಯ ಪ್ರಶ್ನೆ ಬಡ್ಡಿಯದಲ್ಲ. ನೇರ ನೇಮಕಾತಿಯ ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಹುದ್ದೆಗೆ ಯಾವುದೇ ಮಾನ್ಯ ಪದವಿ ಸಾಕಾಗಿರುವುದರಿಂದ, ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಬಿ.ಎ. ಓದಿದವಳೂ ಅದೇ ಪರೀಕ್ಷೆ ಬರೆದು ಅದೇ ಸಂಬಳ ಪಡೆಯುತ್ತಾಳೆ. ಹುದ್ದೆಯೇ ಖಚಿತವಿಲ್ಲದಿರುವಾಗ ಸಾಲವನ್ನು ಮಾತ್ರ ಖಚಿತಪಡಿಸಿಕೊಳ್ಳುವುದೇಕೆ? ಪೊಲೀಸ್ ಮತ್ತು ಭದ್ರತಾ ವಿಷಯಗಳನ್ನು ಕಲಿಸುವ, ಶಿವಮೊಗ್ಗದಲ್ಲೇ ಇರುವ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಶುಲ್ಕವನ್ನೂ ವಿಚಾರಿಸಿ.

ಪ್ರಶ್ನೆ ಕೇಳಿದವರು:
ಯಾವ ಪದವಿಯಾದರೂ ಸಾಕೆಂಬುದು ನಮಗೆ ತಿಳಿದಿರಲಿಲ್ಲ. ಸೋಮವಾರ ಮಗಳನ್ನು ಕರೆದುಕೊಂಡು ಎರಡೂ ಕಡೆ ಹೋಗಿ ಬರುತ್ತೇನೆ.